ಕೊಟ್ಟೂರಿನ ಅಜ್ಜ ಹೇಳಿದ ಹಳದಿ ಡಬ್ಬಿ

ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕ ನೋಡಿಕೊಂಡು ಕೊಟ್ಟೂರಿಗೆ ಬಂದಿದ್ದೆ. ತೇರುಬೀದಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬರನ್ನು ಸ್ವಾತಂತ್ರ್ಯ ಚಳವಳಿಯ ಬಗ್ಗೆ ಕೇಳಿದರೆ ಜೈಲು, ಲಾಠಿಯ ಮಾತೇ ಬರಲಿಲ್ಲ. “ನಮ್ಮಪ್ಪ ಹಳದಿ ಡಬ್ಬಿಗೆ ಹಾಕಿದ್ನಂತ್ರೀ. ಗಾಂಧಿ ಡಬ್ಬಿ ಅಂತಿದ್ರು. ಕಂದಾಯ ಕಟ್ಟೋರಿಗೆ ಓಟು, ನಮ್ಮವ್ವಗ ಎಲ್ಲಿ ಬರಬೇಕು?” ಎಂದರು.

ಅದು 1937ರ ಚುನಾವಣೆ. ಈ ಸೀಮೆ ಆಗ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಅಕ್ಷರ ಬಾರದವರಿಗೂ ಗುರುತು ಸಿಗಲೆಂದು ಮತಪೆಟ್ಟಿಗೆಗಳಿಗೆ ಬಣ್ಣ ಬಳಿದಿದ್ದರು. ಕಾಂಗ್ರೆಸ್ಸಿಗೆ ಹಳದಿ. ಅರಿಶಿನದ ಬಣ್ಣವೇ ಸಿಕ್ಕಿತೆಂದರೆ ಅರ್ಧ ಗೆದ್ದಂತೆಯೇ ಎಂಬುದು ನನ್ನ ಗುಮಾನಿ. ಮದುವೆ, ಮುತ್ತೈದೆ, ಬಂಡಾರ ಎಲ್ಲಕ್ಕೂ ಅದೇ ಬಣ್ಣ; ಹಡಗಲಿ ಸೀಮೆಯ ಮೈಲಾರನ ಜಾತ್ರೆಯಲ್ಲಿ ಬಂಡಾರ ಹಾರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಾಳಿಗಳ ಪಾಡು ನೆನೆದರೆ ಪಾಪ ಅನಿಸುತ್ತದೆ. ವಿಧಾನಸಭೆಯ 215 ಸ್ಥಾನಗಳಲ್ಲಿ ಕಾಂಗ್ರೆಸ್ 159 ಗೆದ್ದಿತು. ಬರೀ ಬಣ್ಣದಿಂದಲೇ ಎಂದು ನಾನು ವಾದಿಸುತ್ತಿಲ್ಲ, ಆದರೂ ಆಸೆ ಇದೆ.

ಇಂಥ ಚುನಾವಣೆಗಳನ್ನು ತಂದ ಬ್ರಿಟಿಷರ ಸುಧಾರಣೆಗಳ ಉದ್ದೇಶ ಚಳವಳಿಯನ್ನು ಪಳಗಿಸುವುದು. 1919ರ ಕಾಯ್ದೆ ಶಿಕ್ಷಣ, ಸ್ಥಳೀಯ ಸಂಸ್ಥೆಗಳನ್ನು ಭಾರತೀಯ ಸಚಿವರಿಗೆ ಕೊಟ್ಟು ಹಣಕಾಸು, ಪೊಲೀಸನ್ನು ಗವರ್ನರ್ ಕಡೆಗೇ ಉಳಿಸಿತು. 1920ರ ಚುನಾವಣೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತು, ಮದ್ರಾಸಿನ ಗದ್ದುಗೆ ಜಸ್ಟಿಸ್ ಪಕ್ಷಕ್ಕೆ ಸಿಕ್ಕಿತು. 1935ರ ಕಾಯ್ದೆ ಬಂದಾಗ ಕಾಂಗ್ರೆಸ್ ಬೈಯುತ್ತಲೇ ಕಣಕ್ಕಿಳಿಯಿತು. ಜೈಲು ಕಂಡವರು ಈಗ ಓಟು ಕೇಳಲು ಹಳ್ಳಿ ಸುತ್ತಿದರು. ಪಳಗಿದ್ದು ಯಾರು ಎಂಬುದು ನನಗಿನ್ನೂ ಬಗೆಹರಿದಿಲ್ಲ. ಗೆದ್ದ ಕಾಂಗ್ರೆಸ್ಸಿನ ರಾಜಾಜಿ ಮಂತ್ರಿಮಂಡಲ ಎರಡು ವರ್ಷ ಆಳಿ, ಎರಡನೇ ಮಹಾಯುದ್ಧದ ಪ್ರಶ್ನೆಯ ಮೇಲೆ 1939ರಲ್ಲಿ ರಾಜೀನಾಮೆ ಎಸೆದು ಹೊರಬಂತು.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು (ಕೊಟ್ಟೂರು ಕೂಡ್ಲಿಗಿಯೊಳಗೇ). ಕಾಂಗ್ರೆಸ್ 1920ರಲ್ಲೇ ಭಾಷೆಯ ಮೇಲೆ ಪ್ರಾಂತ ಸಮಿತಿಗಳನ್ನು ಒಪ್ಪಿದ್ದರಿಂದ ಪಕ್ಷದ ಲೆಕ್ಕದಲ್ಲಿ ಕರ್ನಾಟಕ ಎಂಬುದೊಂದಿತ್ತು. ಸರ್ಕಾರದ ನಕ್ಷೆಯಲ್ಲಿ ಮಾತ್ರ ಮದ್ರಾಸೇ. 1935ರ ಕಾಯ್ದೆ ಒಡಿಶಾ, ಸಿಂಧ್ ಪ್ರಾಂತಗಳನ್ನು ಹುಟ್ಟಿಸಿ ಕನ್ನಡಿಗರನ್ನು ಮರೆತಿತು. 1938ರಲ್ಲಿ ಮದ್ರಾಸ್ ಶಾಸನಸಭೆಯೇ ಭಾಷಾವಾರು ಪ್ರಾಂತಗಳನ್ನು ಕೇಳಿ ನಿರ್ಣಯ ಮಾಡಿತು. ಲಂಡನ್ ಒಪ್ಪಲಿಲ್ಲ. ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ದಿನ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು.