ಮೈಕ್ರೋವೇವ್ ಆವಿಗೆ: ಬೇಗ ಕಾಯುವುದರ ಬೆಲೆ

ಚೆನ್ನೈನ ಉತ್ತರದಲ್ಲಿ ರಾಯಪುರಕ್ಕೆ ಅಂಟಿಕೊಂಡಿರುವ ಕಾಸಿಮೇಡು ತನ್ನ ಮೀನುಗಾರಿಕಾ ಬಂದರಿನಿಂದಲೇ ಹೆಸರಾದ ಬಡಾವಣೆ. ಒತ್ತೊತ್ತಾಗಿ ಮನೆಗಳಿರುವ, ವರ್ಷವಿಡೀ ಉಪ್ಪು ಬೆರೆತ ತೇವದ ಗಾಳಿ ಬೀಸುವ ಇಂಥ ಕಡಲಂಚಿನ ವಸತಿಯಲ್ಲಿ ಕಟ್ಟಿಗೆ ಉರಿಸುವ ಆವಿಗೆಗಾಗಲಿ, ಹಲವು ಕಿಲೋವಾಟ್ ವಿದ್ಯುತ್ ಬೇಡುವ ಕುಲುಮೆಗಾಗಲಿ ಜಾಗ ಸಿಗುವುದು ಕಷ್ಟ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಶಸ್ತ್ರವೈದ್ಯ ಅಲೆಗ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಕಲಾಶಾಲೆ ಇಂದು ಸರ್ಕಾರಿ ಲಲಿತಕಲಾ ಕಾಲೇಜಾಗಿ ಉಳಿದಿದೆ. ಈ ಪ್ರಾಂತದ ಮಣ್ಣುಗಳನ್ನು ಪರೀಕ್ಷಿಸಿ ಪಿಂಗಾಣಿ ಮಾಡುವ ಪ್ರಯತ್ನಗಳು ಅಲ್ಲಿ ಹಂಟರನ ಕಾಲದಲ್ಲೇ ನಡೆದಿದ್ದವು. ಆದರೆ ಕಿವಿಯೋಲೆಗೊಂದು ಗಾಜಿನ ಹರಳು ಅಥವಾ ಬೆರಳಗಲದ ಪಿಂಗಾಣಿ ಬಿಲ್ಲೆ ಮಾಡಬಯಸುವ ಹವ್ಯಾಸಿಗೆ ಕಾಲೇಜಿನ ಕುಲುಮೆ ಎಟುಕುವುದಿಲ್ಲವಾದ್ದರಿಂದ, ಅಡುಗೆಮನೆಯ ಮೈಕ್ರೋವೇವ್ ಒಲೆಯೊಳಗೆ ಇಟ್ಟು ಕಾಯಿಸುವ ಪುಟ್ಟ ಆವಿಗೆಗಳು ಆನ್‌ಲೈನ್ ಮಾರುಕಟ್ಟೆಯ ಮೂಲಕ ಮನೆಗಳನ್ನು ಸೇರುತ್ತಿವೆ.

ಈ ಆವಿಗೆಯ ತತ್ತ್ವ ಸರಳವಾಗಿದೆ. ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನ್ ಎಂಬ ನಿರ್ವಾತ ನಳಿಕೆ 2.45 ಗಿಗಾಹರ್ಟ್ಸ್ ಆವರ್ತನದ, ಅಂದರೆ ಸುಮಾರು 12 ಸೆಂಟಿಮೀಟರ್ ಅಲೆಯುದ್ದದ ವಿದ್ಯುತ್ಕಾಂತೀಯ ಅಲೆಗಳನ್ನು ಹೊಮ್ಮಿಸುತ್ತದೆ. ನೀರಿನ ಅಣುಗಳು ಇವನ್ನು ಹೀರಿ ಬಿಸಿಯಾಗುತ್ತವೆ, ತಣ್ಣನೆಯ ಗಾಜು ಮಾತ್ರ ಅಷ್ಟಾಗಿ ಹೀರುವುದಿಲ್ಲ. ಆದ್ದರಿಂದ ಆವಿಗೆಯ ಹೊರಮೈಯನ್ನು ಅಲೆಗಳಿಗೆ ಅಡ್ಡಿಯಾಗದ, ಉಷ್ಣವನ್ನು ಹೊರಬಿಡದ ಸೆರಾಮಿಕ್ ನಾರಿನ ಹಲಗೆಯಿಂದ ಮಾಡಿ, ಒಳಮೈಗೆ ಸಿಲಿಕಾನ್ ಕಾರ್ಬೈಡ್ ಅಥವಾ ಗ್ರಾಫೈಟ್‌ನಂತಹ, ಅಲೆಗಳನ್ನು ಹೀರಿ ಕೆಂಡವಾಗುವ ಕಪ್ಪು ಲೇಪ ಬಳಿದಿರುತ್ತಾರೆ. ಲೇಪ ಕಾದಂತೆ ಒಳಗಿನ ಗಾಜೂ ಕಾಯುತ್ತದೆ. ಕಾದ ಗಾಜು ತಾನೇ ಅಲೆಗಳನ್ನು ಹೀರತೊಡಗುವುದರಿಂದ ಕೊನೆಯ ಹಂತದಲ್ಲಿ ಉಷ್ಣತೆ ಅನಿರೀಕ್ಷಿತ ವೇಗದಿಂದ ಏರುತ್ತದೆ. ಗಾಜಿನ ತುಂಡುಗಳು ಸಂಪೂರ್ಣವಾಗಿ ಬೆಸೆಯಲು ಬೇಕಾದ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕೆಲವೇ ನಿಮಿಷಗಳಲ್ಲಿ ಸಿದ್ಧಿಸುತ್ತದೆ. 1200 ವಾಟ್ ಎಳೆಯುವ ಒಲೆ ಆರು ನಿಮಿಷ ಓಡಿದರೆ ಖರ್ಚಾಗುವ ವಿದ್ಯುತ್ತು 0.12 ಯೂನಿಟ್ ಮಾತ್ರ.

ಆದರೆ ಈ ವೇಗವೇ ಅಪಾಯಗಳ ಬೇರು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಕುಂಬಾರರು ಹಸಿ ಮಡಕೆಗಳನ್ನು ಪೇರಿಸಿ, ಹುಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಹೂಡುವ ಆವಿಗೆ ತನ್ನ ಗಾತ್ರ ಮತ್ತು ಬೂದಿಯ ಹೊದಿಕೆಯಿಂದಾಗಿಯೇ ನಿಧಾನವಾಗಿ ಕಾದು ನಿಧಾನವಾಗಿ ಆರುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿರುವ, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಬಳೆಗಾರರ ಗಾಜಿನ ಕುಲುಮೆಗಳಲ್ಲೂ ಉಷ್ಣವನ್ನು ಹಿಡಿದಿಟ್ಟುಕೊಳ್ಳಲು ದಪ್ಪ ಮಣ್ಣಿನ ಗೋಡೆಗಳಿದ್ದೇ ಇರಬೇಕು. ಅಂಗೈ ಅಗಲದ ನಾರಿನ ಡಬ್ಬಿಗೆ ಅಂಥ ದ್ರವ್ಯರಾಶಿಯಿಲ್ಲ, ಉಷ್ಣತಾಮಾಪಕವೂ ಇಲ್ಲ. ಹಳೆಯ ಆವಿಗೆ ತಾನಾಗಿ ಕೊಡುತ್ತಿದ್ದ ನಿಧಾನವನ್ನು ಇಲ್ಲಿ ಕೆಲಸಗಾರರೇ ಒದಗಿಸಬೇಕಾಗುತ್ತದೆ.

ಹಸಿ ಜೇಡಿಮಣ್ಣಿನ ವಿಷಯದಲ್ಲಿ ಅದನ್ನು ಒದಗಿಸುವುದು ಹೆಚ್ಚುಕಡಿಮೆ ಅಸಾಧ್ಯ. ಒಣಗಿದಂತೆ ಕಾಣುವ ಮಣ್ಣಿನಲ್ಲೂ ಉಳಿದಿರುವ ತೇವ ನೂರು ಡಿಗ್ರಿ ದಾಟುತ್ತಲೇ ಆವಿಯಾಗಿ, ಹೊರಬರಲು ಸಮಯ ಸಿಗದಿದ್ದರೆ ವಸ್ತುವನ್ನೇ ಸಿಡಿಸುತ್ತದೆ; 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ಕಲ್ಲಿನ ಕಣಗಳು ಹರಳಿನ ರಚನೆ ಬದಲಿಸಿ ಥಟ್ಟನೆ ಹಿಗ್ಗುವಾಗ ಬಿರುಕು ಮೂಡುತ್ತದೆ. ಆದ್ದರಿಂದ ಮಣ್ಣಿನ ಮೊದಲ ಸುಡುವಿಕೆಯನ್ನು ದೊಡ್ಡ ಕುಲುಮೆಗೆ ಬಿಟ್ಟು, ಈಗಾಗಲೇ ಸುಟ್ಟ ಪುಟ್ಟ ಬಿಲ್ಲೆಗೆ ಕಡಿಮೆ ಉಷ್ಣತೆಯ ಬಣ್ಣ ಅಥವಾ ಮೆರುಗು, ಅಂದರೆ ಮೇಲ್ಮೈಯಲ್ಲಿ ಕರಗಿ ಗಾಜಾಗುವ ಲೇಪ, ಹಿಡಿಸಲು ಮಾತ್ರ ಮೈಕ್ರೋವೇವ್ ಆವಿಗೆಯನ್ನು ಬಳಸುವುದು ವಿವೇಕ. ಚಹಾ ಬಟ್ಟಲು ಸುಡುವ ಆಸೆಯನ್ನಂತೂ ಬಿಡಲೇಬೇಕು.

ಗಾಜು ಈ ಸಾಧನಕ್ಕೆ ಹೆಚ್ಚು ಒಗ್ಗುತ್ತದೆ, ಆದರೆ ಎಲ್ಲ ಗಾಜೂ ಪರಸ್ಪರ ಒಗ್ಗುವುದಿಲ್ಲ. ಪ್ರತಿ ಗಾಜೂ ಕಾದಾಗ ತನ್ನದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಈ ಹಿಗ್ಗುವಿಕೆಯ ಗುಣಾಂಕವನ್ನು ಕರಕುಶಲ ಗಾಜಿನ ತಯಾರಕರು 90, 96 ಎಂಬಂತಹ ಸಂಖ್ಯೆಗಳಲ್ಲಿ ಸೂಚಿಸುತ್ತಾರೆ. ಒಡೆದ ಬಾಟಲಿಯ ಚೂರನ್ನು ಕಿಟಕಿ ಗಾಜಿನೊಂದಿಗೆ ಬೆಸೆದರೆ ಎರಡೂ ಆರುವಾಗ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಅಂದೇ ಅಲ್ಲದಿದ್ದರೆ ವಾರದ ಮೇಲಾದರೂ ಒಡೆಯಬಹುದು. ಒಂದೇ ಬಾಟಲಿಯ ಚೂರುಗಳನ್ನು ಚೆನ್ನಾಗಿ ತೊಳೆದು, ಒಣಗಿಸಿ, ತಮ್ಮೊಳಗೇ ಬೆಸೆಯುವುದು ಸುರಕ್ಷಿತ.

ನಿಮಿಷಗಳ ಲೆಕ್ಕವನ್ನು ಒಬ್ಬರಿಂದ ಒಬ್ಬರು ಎರವಲು ಪಡೆಯುವಂತಿಲ್ಲ. ವೋಲ್ಟೇಜ್ ಕುಸಿದರೆ ಹಳೆಯ ಬಗೆಯ ಒಲೆಗಳ ಮ್ಯಾಗ್ನೆಟ್ರಾನಿನ ಸಾಮರ್ಥ್ಯವೂ ಕುಸಿಯುತ್ತದೆ. ಆವಿಗೆಯ ನಾರು ಕಡಲ ಗಾಳಿಯ ತೇವ ಕುಡಿದಿದ್ದರೆ ಮೊದಲ ನಿಮಿಷಗಳ ಶಕ್ತಿ ಅದನ್ನು ಒಣಗಿಸುವುದಕ್ಕೇ ಹೋಗುತ್ತದೆ. ಹಿಂದಿನ ಸುಡುವಿಕೆಯ ಬಿಸಿ ಉಳಿದಿದ್ದರೆ ಎರಡನೆಯದು ಬೇಗ ಮುಗಿಯುತ್ತದೆ. ಕಾಸಿಮೇಡಿನಂತಹ ಕಡೆ ಆವಿಗೆಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬಳಸುವ ಮುನ್ನ ಕಡಿಮೆ ಶಕ್ತಿಯಲ್ಲಿ ಬರಿದಾಗಿ ಒಣಗಿಸಿಕೊಳ್ಳುವುದು ಒಳ್ಳೆಯದು. ಒಲೆಯ ತಿರುಗುವ ಗಾಜಿನ ತಟ್ಟೆಗೆ ಬಿಸಿ ತಾಗದಂತೆ ಆವಿಗೆಯನ್ನು ಉಷ್ಣನಿರೋಧಕ ಕಾಲುಗಳ ಮೇಲೆ ಎತ್ತರಿಸಿ ಇಡಬೇಕು, ಸುಡುವಿಕೆ ಮುಗಿಯುವವರೆಗೆ ಹತ್ತಿರದಿಂದ ಕದಲಬಾರದು.

ಕಡಲ ಗಾಳಿಯ ನಿಜವಾದ ಹಾನಿ ಒಲೆಗೇ ಆಗುತ್ತದೆ. ಬಾಗಿಲಿನ ಲೋಹದ ಜಾಲರಿಯ ರಂಧ್ರಗಳು ಅಲೆಯುದ್ದಕ್ಕಿಂತ ಬಹಳ ಚಿಕ್ಕವಾದ್ದರಿಂದ ಅಲೆಗಳು ಹೊರಬರಲಾರವು. ಆದರೆ ತುಕ್ಕು ಹಿಡಿದ ಕೀಲು ಅಥವಾ ಸಡಿಲವಾದ ಬಾಗಿಲಿನಿಂದ ಅವು ಸೋರಬಹುದು. ಅಮೆರಿಕದ ನಿಯಮ ಬಳಕೆಯ ಅವಧಿಯುದ್ದಕ್ಕೂ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್‌ಗಿಂತ ಹೆಚ್ಚು ಸೋರಿಕೆಯನ್ನು ಒಪ್ಪುವುದಿಲ್ಲ. ಒಳಗೋಡೆಯ ಬಣ್ಣ ಉಪ್ಪಿಗೆ ಉಬ್ಬಿ ಕಿತ್ತುಬಂದ ಕಡೆ ಕಿಡಿ ಹಾರುತ್ತದೆ. ಅಂಥ ಒಲೆಯನ್ನು ಮನೆಯಲ್ಲೇ ಬಿಚ್ಚಿ ರಿಪೇರಿಗೆ ಕೂರುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಒಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣಾಂತಕವಾದ ಸಾವಿರಾರು ವೋಲ್ಟ್‌ಗಳನ್ನು ಹಿಡಿದಿಟ್ಟುಕೊಂಡಿರಬಹುದು. ಕಪ್ಪು ಲೇಪ ಉದುರಿದ ಆವಿಗೆಯನ್ನೂ ಬಳಸಕೂಡದು. ಹೀರುವ ಲೇಪವಿಲ್ಲದಿದ್ದರೆ ಅಲೆಗಳು ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಕೆಡಿಸುತ್ತವೆ.

ಕಣ್ಣಿಗೆ ಕಾಣದ ಅಪಾಯ ಧೂಳಿನದು. ಆವಿಗೆಯ ಮೈಯಲ್ಲೂ, ಗಾಜು ಅಂಟಿಕೊಳ್ಳದಂತೆ ಅಡಿಗೆ ಹಾಸುವ ಕಾಗದದಲ್ಲೂ ಇರಬಹುದಾದ ಉಷ್ಣನಿರೋಧಕ ಸೆರಾಮಿಕ್ ನಾರನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ ವಸ್ತುಗಳ 2ಬಿ ಗುಂಪಿನಲ್ಲಿ ಸೇರಿಸಿದೆ. ಸುಟ್ಟ ಕಾಗದದ ಪುಡಿಯನ್ನು ಊದದೆ, ಒಣ ಪೊರಕೆಯಿಂದ ಗುಡಿಸದೆ, ಸೂಕ್ಷ್ಮ ಕಣ ತಡೆಯುವ ಮುಖಗವಸು ಹಾಕಿ ಒದ್ದೆ ಬಟ್ಟೆಯಿಂದ ತೆಗೆಯಬೇಕು. ಕಾಗದದ ಅಂಟು ಮತ್ತು ಕೆಲವು ಬಣ್ಣಗಳು ಸುಡುವಾಗ ಹೊಗೆ ಬಿಡುತ್ತವೆ; ಕಡಿಮೆ ಉಷ್ಣತೆಯ ಮೆರುಗುಗಳಲ್ಲಿ ಸೀಸ, ಕೆಂಪು ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆಯುಂಟು. ಆವಿಗೆಗೆ ಬಳಸಿದ ಒಲೆಯಲ್ಲಿ ಮತ್ತೆ ಅನ್ನ ಬಿಸಿ ಮಾಡಕೂಡದು ಎಂಬ ನಿಯಮಕ್ಕೆ ಆದ್ದರಿಂದ ಯಾವ ವಿನಾಯಿತಿಯೂ ಇರಬಾರದು.

ಸುಟ್ಟ ಮೇಲೆ ಚರ್ಮದ ಕೈಗವಸು ತೊಟ್ಟು ಆವಿಗೆಯನ್ನು ಇಟ್ಟಿಗೆಯಂತಹ ಬೆಂಕಿ ತಾಳುವ ನೆಲೆಯ ಮೇಲಿಟ್ಟು, ಕೈಗೆ ತಣ್ಣಗೆನಿಸುವವರೆಗೆ ಮುಚ್ಚಳ ತೆಗೆಯದಿರುವುದೇ ಅತ್ಯಂತ ಕಠಿಣವಾದ ಕಟ್ಟುಪಾಡು. ಗಾಜಿನ ಹೊರಮೈ ಮತ್ತು ಒಳಭಾಗ ಸಮನಾಗಿ ಆರದಿದ್ದರೆ ಒಳಗೆ ಒತ್ತಡ ಉಳಿಯುತ್ತದೆ. ಇದನ್ನು ನೀಗಲು ದೊಡ್ಡ ಕುಲುಮೆಗಳಲ್ಲಿ ಸುಮಾರು 500 ಡಿಗ್ರಿಯ ಆಸುಪಾಸಿನಲ್ಲಿ ಗಾಜನ್ನು ಕೆಲಕಾಲ ತಡೆಹಿಡಿದು ಇಳಿಸುವ ಕ್ರಮಕ್ಕೆ ಅನೀಲಿಂಗ್ ಎನ್ನುತ್ತಾರೆ. ಮೈಕ್ರೋವೇವ್ ಆವಿಗೆ ಹೀಗೆ ತಡೆಹಿಡಿಯಲಾರದು, ಆದ್ದರಿಂದ ಅದಕ್ಕೆ ತಕ್ಕುದು ತೆಳುವಾದ, ಚಿಕ್ಕ ಹರಳುಗಳು ಮಾತ್ರ. ಒತ್ತಡ ಉಳಿದಿದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು: ಎಲ್‌ಸಿಡಿ ಪರದೆಯ ಬೆಳಕು ಧ್ರುವೀಕೃತವಾಗಿರುವುದರಿಂದ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದ, ಬಿಳಿಯಾಗಿ ಬೆಳಗಿಸಿದ ಪರದೆಯ ಮುಂದೆ ಪೋಲರಾಯ್ಡ್ ಕನ್ನಡಕವನ್ನು ಕತ್ತಲಾಗುವವರೆಗೆ ತಿರುಗಿಸಿ, ನಡುವೆ ಪಾರದರ್ಶಕ ಹರಳನ್ನು ಹಿಡಿದಾಗ ಒತ್ತಡವಿರುವ ಕಡೆ ಬೆಳ್ಳಗೆ ಹೊಳೆಯುತ್ತದೆ. ಹಾಗೆ ಹೊಳೆದ ಹರಳನ್ನು ಕಿವಿಗೆ ಏರಿಸುವ ಮುನ್ನ ಉಷ್ಣತೆ ನಿಯಂತ್ರಿಸಬಲ್ಲ ಕುಲುಮೆಯಲ್ಲಿ ಮತ್ತೊಮ್ಮೆ ಕಾಯಿಸಿ ಆರಿಸಬೇಕಾಗುತ್ತದೆ.