ದಾರಿ ಒಂದು, ವೇಗ ಹಲವು

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಸಾಗುವ ರಸ್ತೆ ಎಲ್ಲರಿಗೂ ಸೇರಿದ್ದು. ಬಸ್ಸು, ಲಾರಿ, ಮೋಟಾರು ಸೈಕಲ್ಲು, ಟ್ರ್ಯಾಕ್ಟರುಗಳ ನಡುವೆಯೇ ಶಾಲೆಗೆ ಹೊರಟ ಮಕ್ಕಳ ಸೈಕಲ್ಲುಗಳೂ ಸಾಗಬೇಕು. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ನೀಡತೊಡಗಿದಾಗ ಹಳ್ಳಿಯ ಅನೇಕ ಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಸೈಕಲ್ಲು ದೊರೆಯಿತು, ಸೈಕಲ್ಲಿಗೆಂದೇ ದಾರಿ ದೊರೆಯಲಿಲ್ಲ.

ಅಪಾಯದ ಮೂಲವಿರುವುದು ವಾಹನಗಳ ಸಂಖ್ಯೆಯಲ್ಲಿ ಮಾತ್ರವಲ್ಲ, ಅವುಗಳ ವೇಗದ ಅಂತರದಲ್ಲಿ. ಗಂಟೆಗೆ 60 ಕಿಲೋಮೀಟರು ವೇಗದ ಬಸ್ಸು ಸೆಕೆಂಡಿಗೆ ಸುಮಾರು 17 ಮೀಟರು ಕ್ರಮಿಸುತ್ತದೆ. 15 ಕಿಲೋಮೀಟರು ವೇಗದ ಸೈಕಲ್ಲು ಸುಮಾರು 4 ಮೀಟರು. 50 ಮೀಟರು ಮುಂದಿರುವ ಸೈಕಲ್ಲನ್ನು ಬಸ್ಸು ನಾಲ್ಕೇ ಸೆಕೆಂಡುಗಳಲ್ಲಿ ತಲಪುತ್ತದೆ. ಅದೇ ಕ್ಷಣದಲ್ಲಿ ಎದುರಿನಿಂದ ಮೋಟಾರು ಸೈಕಲ್ಲು ಬಂದರೆ ಮೂವರಿಗೂ ಎಡೆ ಸಾಲದು. ಆಗ ಡಾಂಬರಿನ ಅಂಚಿನಿಂದ ಮಣ್ಣಿಗಿಳಿಯಬೇಕಾದುದು ಸೈಕಲ್ಲೇ. ವೇಗ ಇಮ್ಮಡಿಯಾದರೆ ಚಲಿಸುವ ವಾಹನದ ಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದ ಸ್ವಲ್ಪ ವೇಗ ತಗ್ಗಿಸಿದರೂ ಆಘಾತ ಬಹಳ ತಗ್ಗುತ್ತದೆ.

2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಪಥವೊಂದನ್ನು ಗುರುತಿಸಲಾಯಿತು. ಹಾಗೆ ದಾರಿಯನ್ನು ಹಂಚಲು ಅಗಲವಾದ ರಸ್ತೆ ಬೇಕು. ಹಂಚಲಾಗದ ಇಕ್ಕಟ್ಟಿನ ದಾರಿಯಲ್ಲಿ ವೇಗವನ್ನು ತಗ್ಗಿಸುವುದೊಂದೇ ಉಪಾಯ. ಸೈಕಲ್ ಸವಾರರು ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕು; ತಿರುಗುವ ಮುನ್ನ ಹಿಂದೆ ನೋಡಿ ಕೈಸನ್ನೆ ಮಾಡಬೇಕು. ಆದರೆ ಹೆಚ್ಚಿನ ಹೊಣೆ ಹೆಚ್ಚು ಬಲವುಳ್ಳ ವಾಹನದ ಚಾಲಕನದು. ಆತನು ಸೈಕಲ್ಲಿನ ಹಿಂದೆ ಅರೆನಿಮಿಷ ಕಾದರೆ ಬಸ್ಸು ಊರು ಸೇರುವುದು ಅಷ್ಟೇ ತಡವಾದೀತು. ಕಾಯದಿದ್ದರೆ, ಬೆಳಿಗ್ಗೆ ಶಾಲೆಗೆ ಹೊರಟ ಮಗು ಸಂಜೆ ಮನೆ ಸೇರದೆ ಹೋದೀತು.