ಬಿಳಿ ಹೊಗೆಯ ಗುಟ್ಟು ಬಿಡಿಸಿದ ಹಾಲಿನ ಪುಸ್ತಕ

ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಪುರುಸೊತ್ತಿಲ್ಲ. ಬಾಳೆಗೊನೆ, ಹಿಂಡಿ, ಅಡಿಕೆ ಗೋಣಿ, ಎಲ್ಲಕ್ಕೂ ಅದೇ. ಕಳೆದ ಚಳಿಗಾಲದಲ್ಲಿ ಅದು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ದಟ್ಟ ಬಿಳಿ ಹೊಗೆ ಬಿಡಲು ಸುರು ಮಾಡಿತು. ಎಲ್ಲ ದಿನ ಅಲ್ಲ, ವಾರಕ್ಕೆ ಒಂದೋ ಎರಡೋ ಸಲ.

"ಇಂಜಿನ್ ಬೋರಿಗೆ ಬಂದಿದೆ ಮಾರಾಯ್ರೆ, ಕೊಟ್ಟುಬಿಡಿ" ಎಂದರು ನೆರೆಯವರು. ಪೇಟೆಯ ಗ್ಯಾರೇಜಿಗೆ ಒಯ್ದರೆ ಅಲ್ಲಿ ಚೂರೂ ಹೊಗೆ ಇಲ್ಲ! "ಬಿಚ್ಚಿ ನೋಡುವ" ಎಂದರು. ಆ ವರ್ಷ ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತ್ತು. ಕಣ್ಣಿಗೆ ಕಾಣದ ರೋಗಕ್ಕೆ ಇಂಜಿನ್ ಬಿಚ್ಚಿಸುವ ಧೈರ್ಯ ಬರಲಿಲ್ಲ.

ಹಾಲಿನ ಲೆಕ್ಕದ ಪುಸ್ತಕದಲ್ಲೇ ನಾಲ್ಕು ಗೆರೆ ಎಳೆದೆ. ಹೊಗೆ ಬಂತೇ? ಎಷ್ಟು ಹೊತ್ತು? ಹಿಂದಿನ ದಿನ ಎಲ್ಲಿಗೆ ಓಡಿತ್ತು? ರೇಡಿಯೇಟರಿಗೆ ಎಷ್ಟು ನೀರು ಬೇಕಾಯಿತು?

ಮೂರು ವಾರದಲ್ಲಿ ಚಿತ್ರ ಸ್ಪಷ್ಟವಾಯಿತು. ಹೊಗೆ ಎರಡು ಬಗೆಯದು. ಚಳಿಯ ಬೆಳಿಗ್ಗೆ ಬರುವ ತೆಳು ಹೊಗೆ ಎರಡು ನಿಮಿಷದಲ್ಲಿ ಮಾಯ, ನೀರೂ ಇಳಿದಿಲ್ಲ. ಇದು ಬರೀ ಆವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಆವಿಯಾಗಿ ಹೊರಬರುತ್ತದೆ. ಸೈಲೆನ್ಸರ್ ತಣ್ಣಗಿದ್ದಾಗ ಅದು ಕಣ್ಣಿಗೆ ಕಾಣುತ್ತದೆ. ಹೆದರಬೇಕಾಗಿಲ್ಲ.

ದಟ್ಟ ಹೊಗೆ ಬಂದದ್ದೆಲ್ಲ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯ ಮಗಳ ಮನೆಗೆ ಹೋಗಿಬಂದ ಮಾರನೆಯ ದಿನ! ಹತ್ತು ನಿಮಿಷ ಬಿಡದು. ಆ ದಿನಗಳಲ್ಲೇ ನೀರು ಕೂಡ ಅರ್ಧ ಲೀಟರಿನಷ್ಟು ಕಡಿಮೆ. ನೆಲದಲ್ಲಿ ಸೋರಿದ ಗುರುತಿಲ್ಲ. ಹಾಗಾದರೆ ನೀರು ಹೋದದ್ದು ಇಂಜಿನಿನ ಒಳಗೇ.

ಇಂಜಿನ್ ಪೂರ್ತಿ ತಣಿದಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ತುಂಬಿಸಿ ಸ್ಟಾರ್ಟ್ ಮಾಡಿದೆ. ಗುಳುಗುಳು ಗುಳ್ಳೆ ನಿಲ್ಲಲೇ ಇಲ್ಲ. (ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ. ಕುದಿನೀರು ಮುಖಕ್ಕೆ ಹಾರುತ್ತದೆ.) ಪ್ಲಗ್‌ಗಳನ್ನು ಬಿಚ್ಚಿದಾಗ ಒಂದು ಮಾತ್ರ ತೊಳೆದಿಟ್ಟಂತೆ ಇತ್ತು.

ಪುಸ್ತಕ ಹಿಡಿದು ಪುನಃ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಓದಿ, "ಇದು ಹೆಡ್ ಗ್ಯಾಸ್ಕೆಟ್" ಎಂದರು. ಅವರು ವಿವರಿಸಿದ್ದು ಹೀಗೆ: ಘಾಟಿ ಹತ್ತಿದಾಗ ನೀರು ಕಾದು ಒತ್ತಡ ಏರುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಆ ಒತ್ತಡಕ್ಕೆ ಗ್ಯಾಸ್ಕೆಟಿನ ಸಣ್ಣ ಸಂದಿನಿಂದ ನೀರು ಸಿಲಿಂಡರಿಗೆ ಇಳಿಯುತ್ತದೆ. ಬೆಳಿಗ್ಗೆ ಅದೇ ಹೊಗೆ. ಊರೊಳಗಿನ ಓಡಾಟದಲ್ಲಿ ಅಷ್ಟು ಒತ್ತಡ ಇಲ್ಲ, ಹಾಗಾಗಿ ಹೊಗೆಯೂ ಇಲ್ಲ.

ತಪ್ಪು ನನ್ನದೇ. ಮಳೆಗಾಲಕ್ಕೆ ಮೊದಲು ಫ್ಯಾನ್ ಕೆಟ್ಟು ಇಂಜಿನ್ ಕುದಿದಾಗ, "ಇನ್ನು ಎರಡೇ ಮೈಲು" ಎಂದು ಮನೆವರೆಗೆ ಓಡಿಸಿದ್ದೆ. ಹೆಡ್ ಬಾಗಿತ್ತು. ಅದನ್ನು ಲೇತಿನಲ್ಲಿ ಸಮ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದೆವು. ಬೋರ್ ಮಾಡಿಸುವ ಖರ್ಚಿನ ಕಾಲುಭಾಗವೂ ಆಗಲಿಲ್ಲ. ಹಾಗೇ ಬಿಟ್ಟಿದ್ದರೆ ನೀರು ಆಯಿಲಿಗೆ ಸೇರಿ ಬೇರಿಂಗೇ ಹೋಗುತ್ತಿತ್ತು.

ನೀವೂ ಗಮನಿಸಿ

* ಹೊಗೆ ನೀಲಿಯಾಗಿದ್ದರೆ ಉರಿಯುತ್ತಿರುವುದು ಇಂಜಿನ್ ಆಯಿಲ್. ಅದು ಬೇರೆ ರೋಗ.
* ಡೀಸೆಲ್ ಜೀಪಿನ ಬಿಳಿ ಹೊಗೆ ಕಣ್ಣು ಉರಿಸಿದರೆ, ಅದು ಸರಿಯಾಗಿ ಉರಿಯದ ಡೀಸೆಲ್. ಮೊದಲು ಹೀಟರ್ ಪ್ಲಗ್, ನೋಝಲ್ ತೋರಿಸಿ.
* ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಗಾಡಿ ಓಡಿಸಲೇಬೇಡಿ.
* ಬರೀ ತೋಡಿನ ನೀರು ಬೇಡ, ಕೂಲೆಂಟ್ ಹಾಕಿ. ಆದರೆ ಅದು ಸಿಹಿ, ವಿಷ. ನಾಯಿ, ದನಗಳಿಗೆ ಸಿಗದಂತೆ ಇಡಿ.

ಆಗೀಗ ಬರುವ ರೋಗ ಗ್ಯಾರೇಜಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದನ್ನು ದಿನಾ ನೋಡುವವರು ನಾವು. ಬರೆದಿಡುವ ಕೆಲಸವೂ ನಮ್ಮದೇ.